ಉಪವಾಸದ ಕಾಗದ

ತಕ್ಕಡಿಯ ಮುಂದೆ ಕೂತಾಗ ಅವರು ಉಸಿರು ಬಿಗಿ ಹಿಡಿಯುತ್ತಿದ್ದರು. ಕತ್ತಿನ ಎಡಗಡೆ ಒಂದು ನರ ಹುರುಳಿಕಾಯಿಯಷ್ಟು ದಪ್ಪಗೆ ಎದ್ದು ನಿಲ್ಲುತ್ತಿತ್ತು. ಚಿಮಟದ ತುದಿಯಲ್ಲಿ ಹಿಡಿದ ಬಿಳಿ ಕಾಗದವನ್ನು ತಟ್ಟೆಯ ಮೇಲಿಟ್ಟು, ಗಾಜಿನ ಬಾಗಿಲು ಸರಿಸಿ, ಅಂಕಿಗಳು ಮೇಲೆ ಕೆಳಗೆ ಓಡುವುದನ್ನು ನೋಡುತ್ತಾ ಕೂರುವರು. ಕೊನೆಯ ಅಂಕಿ ನಿಲ್ಲುವವರೆಗೂ ಉಸಿರಿಲ್ಲ. ನಿಂತ ಮೇಲೂ ಮೊದಲು ಬರೆಯುವುದು, ಆಮೇಲೆ ಉಸಿರು. ಬಾಗಿಲು ಮುಚ್ಚಿದ ತಕ್ಕಡಿಗೆ ಉಸಿರು ತಾಗುವುದಿಲ್ಲ ಎಂದು ನಾನು ಕೆಲಸಕ್ಕೆ ಸೇರಿದ ವಾರವೇ ಅವರಿಗೆ ಹೇಳಿದ್ದೆ. ಪುಸ್ತಕದಲ್ಲಿ ಹಾಗೇ ಓದಿದ್ದೆ.

"ತಕ್ಕಡಿಗೆ ತಾಗಲ್ಲಮ್ಮ, ನಂಗೆ ತಾಗತ್ತೆ," ಎಂದರು. "ಉಸಿರಾಡ್ತಾ ಕೂತ್ರೆ ಮನಸ್ಸು ಗಾಂಧಿ ಬಜಾರಿಗೆ ಹೋಗಿ ತರಕಾರಿ ತರತ್ತೆ."

ಎಲ್ಲರೂ ಅವರನ್ನು ತೂಕದಮ್ಮ ಎನ್ನುತ್ತಿದ್ದರು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದದ್ದು ನಾನು ಸೇರುವ ಹೊತ್ತಿಗೆ ಎದುರಿಗೇ ಅನ್ನುವಷ್ಟು ರೂಢಿಯಾಗಿತ್ತು. ನಾನು ಮಾತ್ರ ಮೇಡಂ ಎನ್ನುತ್ತಿದ್ದೆ. ಗೌರವಕ್ಕಲ್ಲ, ಅವರಿಂದ ಸ್ವಲ್ಪ ದೂರ ಇರಲಿ ಎಂದು. ಅವರು ಪಿಯುಸಿ ಎರಡು ಸಲ ಫೇಲಾದವರು, ಫೈಲು ಜೋಡಿಸುವ ಕೆಲಸಕ್ಕೆ ಬಂದು ತಕ್ಕಡಿಯ ಮುಂದೆ ಕೂತವರು. ನಾನು ಎಂ.ಎಸ್ಸಿ. ಅದೂ ಪರಿಸರ ರಸಾಯನಶಾಸ್ತ್ರ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ಅಪ್ಪ ಕಲಾಸಿಪಾಳ್ಯದಲ್ಲಿ ಮೂಟೆ ಹೊರುತ್ತಿದ್ದರು, ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಅಲ್ಲಿಂದ ಎಂ.ಎಸ್ಸಿ.ವರೆಗೆ ಬಂದದ್ದಕ್ಕೆ ನನಗೆ ಜಂಬ ಇತ್ತು, ಈಗಲೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮದು ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಹಳೇ ಮನೆಯ ಮಹಡಿ ಮೇಲಿರುವ ಸಣ್ಣ ಪ್ರಯೋಗಾಲಯ. ಗಾಳಿಯಲ್ಲಿರುವ ಧೂಳನ್ನು ಹಿಡಿದು, ತೂಗಿ, ಇಷ್ಟಿದೆ ಎಂದು ಬರೆದುಕೊಡುವುದು ನಮ್ಮ ಕೆಲಸ. ಸಣ್ಣ ನಿಪ್ಪಟ್ಟಿನಷ್ಟು ಅಗಲದ ಒಂದು ಫಿಲ್ಟರ್ ಕಾಗದವನ್ನು ಮೊದಲು ತೂಗಿ ಅದಕ್ಕೊಂದು ನಂಬರು ಕೊಡುತ್ತಾರೆ. ನಾವು ಅದನ್ನು ಒಯ್ದು ಪಂಪಿನ ಬಾಯಿಗೆ ಸಿಕ್ಕಿಸಿ, ಕಾರ್ಖಾನೆಯಲ್ಲೋ ರಸ್ತೆ ಬದಿಯಲ್ಲೋ ಎಂಟು ಗಂಟೆ ಗಾಳಿ ಎಳೆಸುತ್ತೇವೆ. ಧೂಳು ಕಾಗದದ ಮೇಲೆ ಕೂರುತ್ತದೆ. ವಾಪಸು ತಂದು, ತೇವ ಆರಲು ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮತ್ತೆ ತೂಗಿದರೆ ಎಷ್ಟು ಹೆಚ್ಚಾಯಿತೋ ಅಷ್ಟು ಧೂಳು. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ನಡೆಯುವ ವ್ಯವಹಾರ. ಕೂದಲೆಳೆ ಬಿದ್ದರೂ ಕೆಟ್ಟಿತು.

ತೂಕದಮ್ಮ ಅದಕ್ಕಾಗಿ ಬದುಕಿನ ಎಷ್ಟೋ ಸಣ್ಣಪುಟ್ಟ ಸಂಗತಿಗಳನ್ನು ಬಿಟ್ಟುಕೊಟ್ಟಿದ್ದರು. ಬಸವನಗುಡಿಯವರು, ಹೂವಿಲ್ಲದೆ ಹೊರಗೆ ಕಾಲಿಡದ ಮನೆತನ. ಆದರೆ ಕೆಲಸದ ದಿನ ಮಲ್ಲಿಗೆ ಒಂದು ಸ್ಟೀಲ್ ಡಬ್ಬಿಯೊಳಗೆ ಬಂದು ಕೆಳಗಿನ ಮನೆಯವರ ಕಿಟಕಿಯಲ್ಲಿ ಕೂರುತ್ತಿತ್ತು. ಸಂಜೆ ಇಳಿದು ಹೋಗುವಾಗ ಮುಡಿದುಕೊಳ್ಳುವರು. ಪೌಡರಿಲ್ಲ. ಉದುರುತ್ತದೆಂದು ಕುಂಕುಮದ ಬದಲು ಸ್ಟಿಕ್ಕರ್ ಬೊಟ್ಟು. ಊಟವಾದ ಮೇಲೆ ಅರ್ಧ ಗಂಟೆ ತಕ್ಕಡಿ ಮುಟ್ಟುತ್ತಿರಲಿಲ್ಲ, ಉಂಡ ಮೈಯ ಬಿಸಿಗೆ ಗಾಳಿ ಅಲ್ಲಾಡುತ್ತದಂತೆ. ತಕ್ಕಡಿ ದಪ್ಪ ಕಲ್ಲುಚಪ್ಪಡಿಯ ಮೇಲಿತ್ತು, ಆದರೂ ಅಕ್ಕಿಪೇಟೆ ಕಡೆಯ ಲೋಡು ಲಾರಿ ಹೋದರೆ ಕೊನೆಯ ಅಂಕಿ ನಡುಗುತ್ತಿತ್ತು. ಯಾವ ದಿನ ಯಾವ ಹೊತ್ತಿಗೆ ಲಾರಿ ಬರುತ್ತದೆಂದು ಅವರಿಗೆ ಬಾಯಿಪಾಠ. "ಇರು, ಹೋಗ್ಲಿ ಅವನು," ಎಂದು ಕೈ ಎತ್ತಿ ಕೂರುವರು. ನಾನು ಬಾಗಿಲು ತಳ್ಳಿದ ಶಬ್ದಕ್ಕೆ ತಿರುಗದೆಯೇ, "ಎಂ.ಎಸ್ಸಿ. ಬಂತು. ಬಾಗಿಲು ಮೆಲ್ಲಗೆ ಹಾಕಮ್ಮ, ಅದು ಓದಿಲ್ಲ," ಎನ್ನುವರು. ನನಗೆ ಮೈ ಉರಿಯುತ್ತಿತ್ತು.

ಪ್ರತಿ ಸಲ ಹೊರಡುವಾಗ ಅವರು ಒಂದು ಕಾಗದ ಹೆಚ್ಚಿಗೆ ಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ಅದು ಬ್ಲಾಂಕ್. ಅದನ್ನೂ ಉಳಿದವುಗಳ ಜೊತೆ ಒಯ್ಯಬೇಕು, ಜಾಗದಲ್ಲಿ ಡಬ್ಬಿ ತೆರೆದು ಹೋಲ್ಡರಿಗೆ ಹಾಕಿ ತೆಗೆಯಬೇಕು, ಆದರೆ ಗಾಳಿ ಎಳೆಸಬಾರದು. ವಾಪಸು ಬಂದಾಗ ಅದರ ತೂಕ ಹೋದಷ್ಟೇ ಇರಬೇಕು. ಹೆಚ್ಚಾಗಿದ್ದರೆ ಒಯ್ದವರ ಕೈಯಲ್ಲಿ ಎಲ್ಲೋ ಎಡವಟ್ಟಾಗಿದೆ, ಆ ದಿನದ ಯಾವ ಕಾಗದವನ್ನೂ ನಂಬುವಂತಿಲ್ಲ ಎಂದರ್ಥ. ತೂಕದಮ್ಮ ಅದನ್ನು ಉಪವಾಸದ ಕಾಗದ ಎನ್ನುತ್ತಿದ್ದರು. "ಮದುವೆ ಮನೆಗೆ ಹೋಗ್ಬೇಕು, ಪಂಕ್ತೀಲಿ ಕೂರ್ಬೇಕು, ಒಂದಗಳೂ ಮುಟ್ಟದೆ ಎದ್ದು ಬರ್ಬೇಕು. ಅದು ಉಪವಾಸ ಇದ್ದು ಬಂದ್ರೆ ಉಳಿದವರ ಊಟದ ಲೆಕ್ಕ ನಂಬಬಹುದು."

ನನ್ನ ಉಪವಾಸದ ಕಾಗದಗಳು ಉಂಡು ಬರತೊಡಗಿದವು.

ಮೊದಲ ಸಲ ಅವರು ಬರೆದುಕೊಂಡರು, ಅಷ್ಟೇ. ನಾವು ಕಲಾಸಿಪಾಳ್ಯ ಬಸ್ ನಿಲ್ದಾಣದ ಎದುರು ಕೂತು ಹಿಡಿದ ಅಷ್ಟೂ ಧೂಳು ಕಸದ ಬುಟ್ಟಿಗೆ ಹೋಯಿತು. ಎರಡನೇ ಸಲ ನಮ್ಮ ಸಾಹೇಬರು, ಅಂದರೆ ಪ್ರಯೋಗಾಲಯದ ಮಾಲೀಕರು, ನನ್ನನ್ನು ಕರೆಸಿದರು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಬೇರೆಯವರು ಒಯ್ದಾಗ ಸರಿಯಾಗಿರುವುದು ನೀನು ಒಯ್ದಾಗ ಮಾತ್ರ ಯಾಕೆ ಕೆಡುತ್ತದೆ ಎಂದು ಕೇಳಿದರು. ಇನ್ನೊಂದು ಸಲ ಹೀಗಾದರೆ ಆರು ತಿಂಗಳು ಮುಗಿಯುವವರೆಗೆ ಕಾಯುವುದಿಲ್ಲ ಎಂದರು.

ನಿಜ ಹೇಳುತ್ತೇನೆ, ನಾನು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ಕೆಲಸ ಮಾಡುತ್ತಿದ್ದೆ. ಬೆಳಗ್ಗೆ ಆರಕ್ಕೆಲ್ಲ ಪಂಪು ಓಡಬೇಕಾದ್ದರಿಂದ ಹಿಂದಿನ ದಿನವೇ ಪಂಪು, ಕಾಗದಗಳ ಕಿಟ್ಟು ಮನೆಗೆ ಒಯ್ಯುತ್ತಿದ್ದೆವು. ಕಾಗದವನ್ನು ಜಾಗದಲ್ಲೇ ತೆರೆಯಬೇಕು ಎಂಬುದು ನಿಯಮ. ಆದರೆ ರಸ್ತೆ ಬದಿಯಲ್ಲಿ ಗಾಳಿ ಬೀಸುತ್ತದೆ, ಬಸ್ಸು ಹೊಗೆ ಬಿಡುತ್ತದೆ, ಕೈ ನಡುಗುತ್ತದೆ. ಪರೀಕ್ಷೆಯ ಹಿಂದಿನ ದಿನ ಪೆನ್ನು, ಸ್ಕೇಲು, ಹಾಲ್ ಟಿಕೆಟ್ ಜೋಡಿಸಿಟ್ಟು ಮಲಗುವವಳು ನಾನು. ಹಾಗೇ ಇಲ್ಲೂ ಸಂಜೆ ಮನೆಯಲ್ಲಿ ಕೈ ತೊಳೆದು, ಗೂಡಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲ ಕಾಗದಗಳನ್ನೂ ಹೋಲ್ಡರುಗಳಿಗೆ ಕೂರಿಸಿ ಸಾಲಾಗಿ ಇಡುತ್ತಿದ್ದೆ, ಬ್ಲಾಂಕನ್ನೂ ಸೇರಿಸಿ. ನಿಯಮ ಮೀರಿದ್ದೇನೆಂಬ ಅಳುಕಿರಲಿಲ್ಲ, ನಿಯಮಕ್ಕಿಂತ ಚೆನ್ನಾಗಿ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಇತ್ತು.

ಮೂರನೇ ಸಲ ಕಾಗದಗಳನ್ನು ತಂದುಕೊಟ್ಟ ಮೇಲೆ ಎರಡು ದಿನ ಊಟ ಸೇರಲಿಲ್ಲ. ವ್ಯಾನಿನ ಡ್ರೈವರಣ್ಣ ನನ್ನ ಮುಖ ನೋಡಿ ಧೈರ್ಯ ಹೇಳಿದ. "ಬ್ಲಾಂಕ್ ತಾನೇ ಮೇಡಂ, ಸೊನ್ನೆ ಬರೆದಾಕಕ್ಕೆ ಹೇಳಿ. ಎಷ್ಟೋ ಕಡೆ ಅದನ್ನ ತೂಗೋದೇ ಇಲ್ಲ." ನನಗೆ ಅದು ಸರಿ ಅನ್ನಿಸಿಬಿಟ್ಟಿತು. ಎಲ್ಲರೂ ಟೀಗೆ ಹೋದಾಗ ತೂಕದ ಕೋಣೆಗೆ ಹೋಗಿ ಬಾಗಿಲನ್ನು ಮೆಲ್ಲಗೇ ಹಾಕಿ, ಅದೊಂದು ಸೊನ್ನೆ ಬರೆದುಬಿಡಿ ಮೇಡಂ ಎಂದು ಕೇಳಿಕೊಂಡೆ. ಕೆಲಸ ಹೋದರೆ ನಮ್ಮ ಮನೆ ನಿಲ್ಲುವುದಿಲ್ಲ ಎಂದೂ ಹೇಳಿದೆ.

ಅವರು ಭೂತಗನ್ನಡಿ ತೆಗೆದು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟರು. "ಬಾ ಇಲ್ಲಿ. ನೋಡು."

ಒಂದು ರಸ್ತೆಯ ಕಾಗದ. ಬೂದಿ, ಕಂದು, ಅಲ್ಲಲ್ಲಿ ಹೊಳೆಯುವ ಮರಳು. ಇನ್ನೊಂದು ಬ್ಲಾಂಕು. ಬಿಳಿ ಹಾಗೇ ಇತ್ತು, ಅದರ ಮೇಲೆ ಕರಿ ಎಳ್ಳನ್ನು ನುಣ್ಣಗೆ ಅರೆದು ಚಿಮುಕಿಸಿದಂತೆ ಕಪ್ಪು ಕಣಗಳು.

"ರಸ್ತೆ ಧೂಳಿಗೆ ಹತ್ತು ಬಣ್ಣ ಇರತ್ತೆ," ಎಂದರು. "ಇದಕ್ಕೆ ಒಂದೇ. ಇದು ಇದ್ದಿಲು. ಎಲ್ಲಿ ತೆಗ್ದೆ ಕಾಗದ?"

"ಜಾಗದಲ್ಲೇ ಮೇಡಂ."

"ಎಲ್ಲಿ ತೆಗ್ದೆ ಅಂದೆ."

"ಮನೇಲಿ."

"ಮನೇಲಿ ಏನು ಕೆಲಸ ಮಾಡ್ತಾರೆ?"

ಕೆಲಸಕ್ಕೆ ಸೇರುವಾಗ ತುಂಬಿಸಿದ ಫಾರಮ್ಮಿನಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಗೃಹಿಣಿ ಎಂದು ಬರೆದಿದ್ದೆ. ಕಾಲೇಜಿನಲ್ಲೂ ಹಾಗೇ ಬರೆದಿದ್ದೆ. ಅದನ್ನೇ ಹೇಳಲು ಬಾಯಿ ತೆರೆದೆ, ಹೊರಡಲಿಲ್ಲ. "ಅಮ್ಮ ಊದುಬತ್ತಿ ಹೊಸೀತಾರೆ," ಎಂದೆ. ಇದ್ದಿಲ ಪುಡಿ ಚೀಲದಲ್ಲಿ ಬರುತ್ತದೆ, ಅಮ್ಮ ಅದನ್ನು ಮನೆಯೊಳಗೇ ಜರಡಿ ಹಿಡಿದು, ಜಿಗಟಿನ ಪುಡಿ ಬೆರೆಸಿ ಕಲಸಿ, ಮಣೆಯ ಮೇಲೆ ಕಡ್ಡಿಗೆ ಹೊಸೆಯುತ್ತಾರೆ, ನಾನು ಹುಟ್ಟುವ ಮೊದಲಿಂದ ಇದೇ ಕೆಲಸ ಎಂದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮಿಷನ್ನಿನಲ್ಲಿ ಕಡ್ಡಿ ಆಗುವ ಈ ಕಾಲದಲ್ಲೂ ಒಳ್ಳೆಯ ಮಸಾಲೆ ಬತ್ತಿಗೆ ಕೈಯೇ ಬೇಕು ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ.

ತೂಕದಮ್ಮ ರಿಜಿಸ್ಟರು ಎಳೆದುಕೊಂಡು ಕೆಂಪು ಪೆನ್ನಿನಲ್ಲಿ ಬರೆದರು. ಬ್ಲಾಂಕ್ ಕೆಟ್ಟಿದೆ, ಕಾರಣ, ಕಾಗದವನ್ನು ಒಯ್ದವರ ಮನೆಯಲ್ಲಿ ತೆರೆಯಲಾಗಿದೆ. ಪಕ್ಕದಲ್ಲಿ ನನ್ನ ಹೆಸರು. ನನ್ನ ಕಣ್ಣೆದುರೇ ಬರೆದರು. ಕೈ ಮುಗಿದು ಕೇಳಿದವಳ ಮೇಲೆ ಇಷ್ಟು ಕಲ್ಲಾಗಬಹುದೇ ಎಂದು ನಾನು ಬೆಪ್ಪಾಗಿ ನಿಂತೆ. ಪೆನ್ನಿನ ಕ್ಯಾಪು ಹಾಕುತ್ತಾ ಅವರು ಕೇಳಿದ್ದು ಒಂದೇ. "ಭಾನುವಾರ ಅಮ್ಮ ಮನೇಲಿರ್ತಾರಾ?"

ಬಂದೇಬಿಟ್ಟರು. ಕಲಾಸಿಪಾಳ್ಯದ ಹಿಂದಿನ ನಮ್ಮ ಓಣಿಗೆ ಆಟೋ ಬರುವುದಿಲ್ಲ. ಬೆಳಗ್ಗೆ ಎಂಟಕ್ಕೆ, ಮುಡಿ ತುಂಬ ಮಲ್ಲಿಗೆ, ಗಂಜಿ ಹಾಕಿದ ಸೀರೆ, ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಪಂಪಿನ ಪೆಟ್ಟಿಗೆ ಹಿಡಿದು ಚರಂಡಿ ದಾಟಿ ಬಂದರು. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಅಮ್ಮನಿಗೆ ಅದೇನೂ ಇಲ್ಲ.

"ಬನ್ನಿ ಅಮ್ಮಾವ್ರೆ, ಕೂತ್ಕಳಿ. ಎಲ್ ಕೂತ್ರೂ ಸೀರೆ ಕಪ್ಪಾಯ್ತದೆ, ಬೇಜಾರ್ ಮಾಡ್ಕಬ್ಯಾಡಿ."

"ಒಗೆದ್ರೆ ಹೋಗತ್ತಲ್ವಾ ಬಿಡಿ."

"ಸೀರೇದು ಹೋಯ್ತದೆ," ಎಂದರು ಅಮ್ಮ.

ಆ ಮಾತನ್ನು ನಾನು ಅವತ್ತು ಕೇಳಿಸಿಕೊಳ್ಳಲಿಲ್ಲ. ತೂಕದಮ್ಮ ಕೇಳಿಸಿಕೊಂಡರು. ಒಂದು ಕ್ಷಣ ಅಮ್ಮನ ಮುಖವನ್ನೇ ನೋಡಿದರು.

ಕಾರ್ಮಿಕರು ಮೈಮೇಲೆ ಧರಿಸುವ ಸಣ್ಣ ಪಂಪೊಂದಿದೆ. ಅದನ್ನು ಎಲೆಅಡಿಕೆ ಚೀಲದ ಹಾಗೆ ಅಮ್ಮನ ಸೊಂಟಕ್ಕೆ ಸಿಕ್ಕಿಸಿ, ಕೊಳವೆಯನ್ನು ಬೆನ್ನ ಮೇಲಿಂದ ತಂದು, ಕಾಗದದ ಹೋಲ್ಡರನ್ನು ಕುತ್ತಿಗೆಯ ಬುಡದಲ್ಲಿ, ಉಸಿರು ಎಳೆಯುವ ಜಾಗದಲ್ಲಿ, ಪಿನ್ನು ಹಾಕಿ ನಿಲ್ಲಿಸಿದರು. ಉಪವಾಸದ ಕಾಗದವನ್ನು ನನ್ನ ಕೈಗೆ ಕೊಟ್ಟು ಓಣಿಯ ಆಚೆ, ದೊಡ್ಡ ರಸ್ತೆಗೆ ಕಳಿಸಿದರು. ಅಲ್ಲಿ ತೆರೆದು, ಅಲ್ಲೇ ಮುಚ್ಚಿ ತಾ ಎಂದರು. ನಾನು ವಾಪಸು ಬರುವಾಗ ಅಮ್ಮ ಜರಡಿ ಹಿಡಿದು ಕೂತಿದ್ದರು.

"ಗಾಳೀನೂ ತೂಕಕ್ಕಾಕ್ತೀರಾ? ಸದ್ಯ, ಇನ್ನೂ ಮಾರಕ್ಕಿಟ್ಟಿಲ್ಲ."

"ಇಟ್ಟಿದಾರಮ್ಮ, ನಿಮಗೆ ಗೊತ್ತಿಲ್ಲ."

ಇಬ್ಬರೂ ನಕ್ಕರು. ತೂಕದಮ್ಮ ಎಂಟು ಗಂಟೆಯೂ ಕದಲಲಿಲ್ಲ. ಬಿದಿರು ಕಡ್ಡಿಗಳಲ್ಲಿ ಸೊಟ್ಟಗಿದ್ದವನ್ನು ಆರಿಸಿ ಬೇರೆ ಮಾಡಿದರು, ಅದರಲ್ಲೂ ಅವರದು ತಕ್ಕಡಿಯ ಕಣ್ಣು. ಮಧ್ಯಾಹ್ನ ಅಮ್ಮ ಅಳುಕುತ್ತಲೇ, ನಮ್ಮನೆ ಊಟ ನಿಮಗೆ ಆಗುತ್ತೋ ಇಲ್ಲವೋ ಎಂದರು. ಅವರು ತಟ್ಟೆ ಮುಂದಿಟ್ಟುಕೊಂಡು ಮುದ್ದೆ ಮುರಿದರು, ಎರಡು ಸಲ ಸಾರು ಹಾಕಿಸಿಕೊಂಡರು.

ಕಾಗದ ಗಾಜಿನ ಪೆಟ್ಟಿಗೆಯಲ್ಲಿ ಒಂದು ದಿನ ಆರಿತು. ಮಂಗಳವಾರ ಬೆಳಗ್ಗೆ ತೂಗಿದರು. ಕತ್ತಿನ ನರ ಎದ್ದಿತು, ಅಂಕಿ ನಿಂತಿತು, ಅವರು ಬರೆಯಲಿಲ್ಲ. ಕಾಗದ ತೆಗೆದು ತಟ್ಟೆ ಒರೆಸಿ ಮತ್ತೆ ಇಟ್ಟರು. ಮೂರನೆಯ ಸಲವೂ ತೂಗಿದರು. ಉಪವಾಸದ ಕಾಗದವನ್ನು ತೂಗಿದರು, ಅದು ಹೋದಷ್ಟೇ ಇತ್ತು. ಆಮೇಲೆ ಕುರ್ಚಿ ಬಿಟ್ಟು ಎದ್ದು, "ನೀನೇ ಓದು," ಎಂದರು.

ಓದಿದೆ. ನಂಬಲಿಲ್ಲ. ಹಿಂದಿನ ವಾರವಷ್ಟೇ ನಾವು ಒಂದು ಎರಕದ ಕಾರ್ಖಾನೆಗೆ ಹೋಗಿದ್ದೆವು, ಕಬ್ಬಿಣ ಕರಗಿಸುವ ಜಾಗ. ಅಲ್ಲಿ ಹತ್ತು ನಿಮಿಷ ನಿಂತಿದ್ದಕ್ಕೇ ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದೆ. ಇಲ್ಲಿ ಯಾರು ಹೇಗೆ ಕೆಲಸ ಮಾಡುತ್ತಾರಪ್ಪಾ ಎಂದು ಮರುಗಿದ್ದೆ. ಅಲ್ಲಿನ ಕುಲುಮೆ ಮುಂದಿನ ಮನುಷ್ಯನ ಕಾಗದಕ್ಕಿಂತ ನನ್ನ ಅಮ್ಮನ ಕಾಗದ ಭಾರವಾಗಿತ್ತು. ಸ್ವಲ್ಪ ಭಾರವಲ್ಲ. ನಾನು ಪಂಪಿನ ವೇಗವನ್ನು ತಪ್ಪಾಗಿ ಬರೆದಿರಬೇಕೆಂದು ನೋಡಿದೆ, ಸರಿಯಿತ್ತು. ಸಮಯ ನೋಡಿದೆ, ಸರಿಯಿತ್ತು. ಕಾಗದದ ನಂಬರು ನೋಡಿದೆ. ಎಲ್ಲ ಸರಿಯಿತ್ತು.

ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಮನೆಯೊಳಗಿನ ಗಾಳಿ ಕೆಡುವುದರ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಎಂಟು ಪುಟ ಬರೆದವಳು ನಾನು. ಸೌದೆ ಒಲೆ ಎಂದು ಬರೆದೆ, ಸೊಳ್ಳೆ ಬತ್ತಿ ಎಂದು ಬರೆದೆ, ಗೋಡೆಯ ಬಣ್ಣ ಎಂದು ಬರೆದೆ. ಒಂಬತ್ತು ಅಂಕ ಬಂತು. ನನ್ನ ಡಿಗ್ರಿ ಸರ್ಟಿಫಿಕೇಟನ್ನು ಅಮ್ಮ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಪ್ರತಿ ಶುಕ್ರವಾರ ಅದರ ಮೇಲಂಚನ್ನು ಒರೆಸುವುದು ನನ್ನ ಕೆಲಸ, ಪ್ರತಿ ಶುಕ್ರವಾರವೂ ಬಟ್ಟೆ ಕಪ್ಪಾಗುತ್ತಿತ್ತು. ಒಮ್ಮೆಯಾದರೂ ನನಗೆ ಅನ್ನಿಸಲಿಲ್ಲವಲ್ಲ. ಊರಿನ ಗಾಳಿಯನ್ನೆಲ್ಲ ಅಳೆಯಲು ಹೊರಟಿದ್ದೆ.

ಅಂದು ಸಂಜೆ ತೂಕದಮ್ಮ ನನ್ನ ಜೊತೆಗೇ ಬಂದರು. ಅಮ್ಮನ ಮುಂದೆ ಕೂತು ನಾನು ಅಂಕಿ ಹೇಳಿದೆ, ಕಾರ್ಖಾನೆಯ ಅಂಕಿಯನ್ನೂ ಹೇಳಿದೆ. ಅಮ್ಮ ಹೊಸೆಯುವ ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದರು. "ಮೂಗು ಸೀತ್ರೆ ಕರ್ರಗೆ ಬತ್ತದೆ. ಕೆಮ್ಮಿದ್ರೂ ಅಂಗೇ. ಇದ್ಕೆ ಮಿಷನ್ ಬೇಕಾ?"

ಅಂಕಿ ನೋಡಿದಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಆ ಓಣಿಯ ಅಷ್ಟೂ ಹೆಂಗಸರಿಗೆ ಗೊತ್ತಿತ್ತು. ಗೊತ್ತಿದ್ದೇ ದಿನಾ ಜರಡಿ ಹಿಡಿದು ಮಕ್ಕಳನ್ನು ಓದಿಸುತ್ತಿದ್ದರು. ಓದಿದವಳಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಪೆದ್ದಿಯ ಹಾಗೆ ತೂಕದಮ್ಮನ ಮುಖ ನೋಡಿದೆ. ನಾವು ಇಷ್ಟೆಲ್ಲ ಮಾಡಿ ಕಂಡುಹಿಡಿದದ್ದು ಏನು ಹಾಗಾದರೆ?

ಅವರು ಅಮ್ಮನಿಗೆ ಹೇಳಿದರು. "ನಿಮಗೆ ಗೊತ್ತಿತ್ತು, ನಿಜ. ಇವಳಿಗೆ ಗೊತ್ತಿರ್ಲಿಲ್ಲವಲ್ಲಮ್ಮ. ಕಾಗದ ಬೇಕಾಗಿದ್ದು ಇವಳಿಗೆ."

ಆಮೇಲೆ ನಡೆದದ್ದು ಜಗಳ. ನಾಳೆಯಿಂದಲೇ ಬಿಟ್ಟುಬಿಡು ಎಂದು ನಾನು ಹಟ ಹಿಡಿದೆ. ಅಮ್ಮ ಕೇಳಲಿಲ್ಲ. "ನಿನ್ ಕೆಲ್ಸಾನೇ ಇನ್ನೂ ನಿಂತಿಲ್ಲ, ನನ್ ಕೆಲ್ಸ ಬುಡು ಅಂತೀಯಲ್ಲ. ನಾಳೆ ಅವ್ರು ಓಗು ಅಂದ್ರೆ ಇಬ್ರೂ ಕೂತ್ಕಂಡು ಆ ಕಾಗ್ದ ತಿನ್ನಾನಾ?" ಕೆಂಪು ಪೆನ್ನಿನಲ್ಲಿ ನನ್ನ ಹೆಸರು ಬರೆದವರು ಪಕ್ಕದಲ್ಲೇ ಕೂತಿದ್ದರು. ನಾನು ಅವರತ್ತ ನೋಡಿದೆ, ನೋಟದಲ್ಲಿ ಏನಿತ್ತೋ ಅವರಿಗೆ ಅರ್ಥವಾಗಿರಬೇಕು. ಎದ್ದು ಹೋದರು.

ಮಾರನೆಯ ದಿನ ಅವರು ರಿಜಿಸ್ಟರು ಹಿಡಿದು ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತಿದ್ದೆ. ಸಾಹೇಬರು ಆ ಸಾಲನ್ನು ಓದಿ, ಇವಳೇ ನಿಯಮ ಮುರಿದಿದ್ದಾಳೆ ಅಂತ ನೀವೇ ಬರೆದಿದ್ದೀರಿ, ಇನ್ನೇನು ಮಾತು ಎಂದರು.

"ಬರೆದಿದೀನಿ ಸಾರ್, ನಿಜಾನೇ ಅದು. ಆದ್ರೆ ಯೋಚನೆ ಮಾಡಿ. ಇನ್ನು ಈ ಜನ್ಮದಲ್ಲಿ ಬ್ಲಾಂಕ್ ಕೆಡಿಸದ ಹುಡುಗಿ ಈ ಬೆಂಗಳೂರಲ್ಲಿ ಇದ್ರೆ ಇವಳೊಬ್ಬಳೇ. ಇವಳನ್ನ ಕಳಿಸಿ ಹೊಸಬರನ್ನ ತಂದ್ರೆ ಮತ್ತೆ ಮೊದಲಿಂದ ಪಾಠ ಮಾಡೋಕೆ ನನ್ನ ಕೈಲಾಗಲ್ಲ. ನಂಗೂ ವಯಸ್ಸಾಯ್ತು."

ಸಾಹೇಬರು ಪ್ರೊಬೇಷನ್ನನ್ನು ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿದರು, ತೆಗೆಯಲಿಲ್ಲ. ಹೊರಗೆ ಬಂದ ತೂಕದಮ್ಮನ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡರು. ಈಗಷ್ಟೇ ಕೈ ತೊಳೆದಿದ್ದರಂತೆ, ತೂಕಕ್ಕೆ ಕೂರಬೇಕಿತ್ತು.

ಆ ತಿಂಗಳು ಅವರು ನಮ್ಮ ಮನೆಗೆ ನಾಲ್ಕೈದು ಭಾನುವಾರ ಬಂದರು. ಬಿಡು ಎಂದು ಅಮ್ಮನಿಗೆ ಒಂದು ಸಲವೂ ಹೇಳಲಿಲ್ಲ. ಜರಡಿ ಹಿಡಿಯುವಾಗಲೇ ಧೂಳು ಹೆಚ್ಚು ಏಳುತ್ತದೆಂದು ನೋಡಿಕೊಂಡರು. ಎರಡು ಎಣ್ಣೆ ಡಬ್ಬಗಳನ್ನು ಕೊಯ್ಯಿಸಿ, ನಡುವೆ ಜರಡಿ ಕೂರಿಸಿ, ಸಂದಿಗೆ ಹಳೇ ಸೀರೆ ಸುತ್ತಿ ಕಟ್ಟಿದರು. ಮುಚ್ಚಿಕೊಂಡೇ ಅಲ್ಲಾಡಿಸಿದರೆ ಪುಡಿ ಕೆಳಗಿನ ಡಬ್ಬಕ್ಕೆ ಇಳಿಯುತ್ತದೆ, ಮೇಲೇಳುವುದಿಲ್ಲ. ಮೊದಲ ಡಬ್ಬ ಸೋರಿತು. ಎರಡನೆಯದನ್ನು ಅಮ್ಮ ತಿದ್ದಿದರು, ಸೀರೆ ಒದ್ದೆಯಿದ್ದರೆ ಚೆನ್ನಾಗಿ ಕಚ್ಚುತ್ತದೆ ಎಂದು ಕಂಡುಕೊಂಡವರು ಅಮ್ಮನೇ. ಪ್ರತಿ ಸಲವೂ ಪಂಪು, ಪ್ರತಿ ಸಲವೂ ಕಾಗದ. ಅಂಕಿ ಇಳಿಯಿತು. ಎಷ್ಟು ಇಳಿಯಿತೆಂದು ತೂಕದಮ್ಮ ಬಂದು ಅಮ್ಮನಿಗೇ ಹೇಳುವರು, ಕೊನೆಯ ಅಂಕಿಯವರೆಗೂ. ಸುಮಾರು ಅರ್ಧ ಎಂದು ಒಮ್ಮೆ ನಾನು ಹೇಳಿದ್ದಕ್ಕೆ, "ಸುಮಾರು ಅನ್ನೋದು ಸಂತೇಲಿ," ಎಂದು ಗದರಿದ್ದರು. ನನ್ನ ಕೆಲಸ ಖಾಯಂ ಆದ ಮೇಲೆ ಅಮ್ಮ ಪುಡಿಯ ಕೆಲಸ ಬಿಟ್ಟರು. ಬರೀ ಕಡ್ಡಿ ಕಟ್ಟು ಹಾಕುವುದನ್ನು ಉಳಿಸಿಕೊಂಡರು. ಆಸ್ಪತ್ರೆಯಲ್ಲಿ ಕೊಳವೆ ಊದಿಸಿ ನೋಡಿದ ಡಾಕ್ಟರು, ಹೋದ ಉಸಿರು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು. ಅಮ್ಮ ಈಗ ಎರಡು ಹೊತ್ತು ಔಷಧಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾರೆ.

ಆಮೇಲೂ ವರ್ಷಕ್ಕೊಂದು ಭಾನುವಾರ ತೂಕದಮ್ಮ ಪಂಪು ತರುವುದನ್ನು ಬಿಡಲಿಲ್ಲ. ಸಾಹೇಬರಿಗೆ ಹೇಳಿಯೇ ತರುತ್ತಿದ್ದರು. ಅಮ್ಮನಿಗೆ ಅದೊಂದು ಹಬ್ಬ, ಮುದ್ದೆ ಸಾರಿನ ಹಬ್ಬ.

ಈ ವರ್ಷ ಒಂದು ಶನಿವಾರ ಅವರು ಆ ಕಾಗದಗಳನ್ನು ತೂಗಿ, ನಂಬರು ಹಾಕಿ, ಡಬ್ಬಿಯಲ್ಲಿಟ್ಟು, ನಾಳೆಯಲ್ಲ ಬರುವ ಭಾನುವಾರ ಬರುತ್ತೇನೆಂದು ಅಮ್ಮನಿಗೆ ಹೇಳು ಎಂದು ನನಗೆ ಹೇಳಿ ಹೋದರು. ಸೋಮವಾರ ಒಂಬತ್ತೂವರೆಗೆ ಸಾಹೇಬರ ಫೋನಿಗೆ ಕರೆ ಬಂತು. ಬೆಳಗ್ಗೆ ಹೊಸಿಲ ಮುಂದೆ ರಂಗೋಲಿ ಹಾಕಿ ಎದ್ದವರು ಅಲ್ಲೇ ಮತ್ತೆ ಕೂತರಂತೆ. ಮಗಳು ಕಾಫಿ ತರುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ಒಂದು ದಿನವೂ ರಜೆ ಹಾಕದವರು. ಸಾಹೇಬರು ಫೋನು ಕೆಳಗಿಟ್ಟು ನಮ್ಮೆಲ್ಲರನ್ನೂ ನೋಡಿದರು, ನಾವು ಅವರನ್ನು ನೋಡಿದೆವು. ತೂಕದ ಕೋಣೆಯ ದೀಪವನ್ನು ಎಂದಿನಂತೆ ಯಾರೋ ಹಾಕಿಟ್ಟಿದ್ದರು.

ಅವರ ಕುರ್ಚಿಯಲ್ಲಿ ಕೂರುವಂತೆ ಸಾಹೇಬರು ನನಗೆ ಹೇಳಿದರು. ಆ ವಾರ ಬಂದ ಕಾಗದಗಳಿಗೆಲ್ಲ ಮೊದಲ ತೂಕ ಅವರ ಅಕ್ಷರದಲ್ಲಿತ್ತು, ಎರಡನೆಯದನ್ನು ನಾನು ಬರೆದೆ. ಅವರು ಹೇಳಿದ್ದ ಭಾನುವಾರ ನಾನೊಬ್ಬಳೇ ಪಂಪು ಒಯ್ದು ಅಮ್ಮನಿಗೆ ತೊಡಿಸಿದೆ. ಮಂಗಳವಾರ ತೂಗಿದೆ. ಹೋದ ವರ್ಷಕ್ಕಿಂತ ಹೆಚ್ಚಿತ್ತು. ಮತ್ತೆ ತೂಗಿದೆ, ಅಷ್ಟೇ ಇತ್ತು. ನಮ್ಮ ಮನೆಯಲ್ಲಿ ಪುಡಿಯೇ ಇಲ್ಲ. ಗೋಡೆಯಾಚೆ ಹೊಸದಾಗಿ ಬಾಡಿಗೆಗೆ ಬಂದವರು ಡಬ್ಬ ಮುಚ್ಚದೆ ಬಯಲಲ್ಲೇ ಇದ್ದಿಲು ಜರಡಿ ಹಿಡಿಯುತ್ತಾರೆ, ಆ ಮನೆಯಲ್ಲಿ ಇನ್ನೂ ಅಂಬೆಗಾಲಿಡುವ ಮಗುವಿದೆ.

ಸಂಜೆ ಅಮ್ಮ ಕೇಳಿದರು, ಎಷ್ಟು ಬಂತು ಎಂದು. ಅವರ ಮುಖ ಬಾಡಿತ್ತು. ಹೆದರಿಸುವುದು ಬೇಡವೆಂದು ನಾನು, ಹೋದ ವರ್ಷದಷ್ಟೇ ಬಂತಮ್ಮ, ಸುಮಾರು ಅಷ್ಟೇ ಎಂದೆ.

ಅಮ್ಮ ನನ್ನನ್ನು ದಿಟ್ಟಿಸಿ ನೋಡಿದರು. "ಆಯಮ್ಮ ಇಂಗೇಳ್ತಿರ್ಲಿಲ್ಲ. ಸರ್ಯಾಗೇಳು."

ಹೇಳಿದೆ. ಎಷ್ಟು ಹೆಚ್ಚಾಗಿದೆ ಎಂದೂ, ಅದು ಎಲ್ಲಿಂದ ಬರುತ್ತಿದೆ ಎಂದೂ ಹೇಳಿದೆ. ಅಮ್ಮ ಗೋಡೆ ಹಿಡಿದು ಎದ್ದು ಸೆರಗು ಸರಿಮಾಡಿಕೊಂಡರು.

"ಎಲ್ಲಿಗಮ್ಮ?"

"ಪಕ್ಕದ್ಮನೆಗೆ. ಆ ಉಡ್ಗಿಗೆ ಏಳ್ಬಿಟ್ಟು ಬತ್ತೀನಿ, ಮಗಾ ಬೇರೆ ಅದೆ." ಹೊಸಿಲ ಹತ್ತಿರ ನಿಂತು ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿದರು. "ಎಷ್ಟಂದೆ? ಇನ್ನೊಂದ್ಸಲ ಏಳು, ಮರ್ತೋಯ್ತದೆ."